ಖಾನಾಪುರಕ್ಕೆ ಎರಡನೇ ವೈರ್ ಯಾವಾಗ?

ಇಲ್ಲಿ ಏನಾದ್ರೂ ಬರೆದು ತುಂಬಾ ದಿನ ಆಯ್ತು. ಕೆಲಸ, ಡೆಡ್‌ಲೈನು, ಸೋಮಾರಿತನ... ಇದರಲ್ಲಿ ಯಾವ ಕಾರಣ ಬೇಕಾದ್ರೂ ಇಟ್ಕೊಳ್ಳಿ :) ದೀಪಾವಳಿಗೆ ಊರಿಗೆ ಹೋದಾಗ ಕಾಕಾ ಒಂದು ಪ್ರಶ್ನೆ ಕೇಳಿದ್ರು. ಅದು ಬೆಂಗಳೂರಿಗೆ ಬಂದ ಮೇಲೂ ಬಿಡಲಿಲ್ಲ. ಉತ್ತರ ಹುಡುಕ್ತಾ ಹೋದ್ರೆ ಟೆಲಿಗ್ರಾಫ್ ಕಾಲದವರೆಗೂ ಹೋಗಬೇಕಾಯ್ತು. ಸ್ವಲ್ಪ ಉದ್ದ ಇದೆ, ಚಹಾ ಇಟ್ಕೊಂಡು ಓದಿ.

ನಮ್ಮೂರು ಖಾನಾಪುರ. ಬೆಳಗಾವಿಯಿಂದ ಹೆಚ್ಚುಕಡಿಮೆ 26 ಕಿಲೋಮೀಟರ್. ಪಟ್ಟಣ ದಾಟಿ ಜಾಂಬೋಟಿ ಕಡೆ ಹೊರಟ್ರೆ ಕಾಡು ಶುರು. ಕಾಕಾಂದು ಊರಂಚಿನಲ್ಲಿ ಸಣ್ಣ ಕಿರಾಣಿ ಅಂಗಡಿ. ಪಾಡ್ಯದ ದಿನ ನಾನು ಅಲ್ಲೇ ಕೂತಿದ್ದೆ. ಒಬ್ಬ ಹುಡುಗ ಸಾಮಾನು ತಗೊಂಡು ಕ್ಯೂಆರ್ ಸ್ಕ್ಯಾನ್ ಮಾಡಿ, ಫೋನನ್ನ ಬಾಗಿಲಾಚೆ ಚಾಚಿ ಹಿಡಿದು ನಿಂತಿದ್ದ. ಅಂಗಡಿಯ ವೈಫೈ ಕೈಕೊಟ್ಟಿತ್ತು.

"ರೊಕ್ಕ ಹೋಗ್ಯಾವ್ರಿ ಕಾಕಾ."

"ನನಗ ಬಂದಿಲ್ಲಲ್ಲೋ ತಮ್ಮಾ."

ಆಮೇಲೆ ನನ್ನ ಕಡೆ ತಿರುಗಿ ಕಾಕಾ ಹೇಳಿದ್ದು ಇದು: "ಏನಪಾ ಇಂಜಿನಿಯರ್, ಊರಾಗ ಹಿಟ್ಟಿನ ಗಿರಣಿ ನಾಕ ಅದಾವ. ಒಬ್ಬಾಂವ ಸಣ್ಣಗ ಬೀಸಲಿಲ್ಲಂದ್ರ ಇನ್ನೊಬ್ಬನ ಕಡೆ ಹೋಗ್ತೀನಿ. ಈ ನೆಟ್ಟಿಂದ ಯಾಕ ಹಂಗಿಲ್ಲ? ನಮ್ಮ ಕಡೆ ಬರೂದ ಒಂದ ವೈರ್. ಬೇಕಂದ್ರ ತಗೋ, ಬ್ಯಾಡಂದ್ರ ಬಿಡು. ನೀವೆಲ್ಲ ಅದೇನೋ ನೆಟ್ ಸಮಾನತೆ ಅಂತ ಗದ್ದಲ ಮಾಡಿದ್ರೆಲ್ಲ, ಅದರಿಂದ ನಮಗೇನ ಬಂತು?"

ನಾನು ಏನೋ ಹೇಳೋಕೆ ಹೋದೆ, ಅಷ್ಟರಲ್ಲಿ ಇನ್ನೊಬ್ಬ ಗಿರಾಕಿ ಬಂದ. ಬಚಾವಾದೆ. ಆದ್ರೆ ನಿಜ ಹೇಳ್ಬೇಕಂದ್ರೆ ನನ್ನ ಹತ್ರ ಉತ್ತರ ಇರಲಿಲ್ಲ.

*

ಮೊದಲು ನನ್ನದೇ ಒಂದು ಅನುಭವ ಹೇಳಿಬಿಡ್ತೀನಿ.

2021ರ ಮಳೆಗಾಲ. ವರ್ಕ್ ಫ್ರಮ್ ಹೋಮ್ ಅಂತ ಊರಲ್ಲೇ ಇದ್ದೆ. ಹೆಂಚಿನ ಮನೆ, ಒಳಗೆ ಮೊಬೈಲ್ ಸಿಗ್ನಲ್ ಒಂದು ಕಡ್ಡಿ. ಇದ್ದಿದ್ದು ಒಂದೇ ಬ್ರಾಡ್‌ಬ್ಯಾಂಡ್ ಕನೆಕ್ಷನ್ (ಹೆಸರು ಬೇಡ ಬಿಡಿ). ದಿನಾ ಸಂಜೆ ಆರಾಯ್ತು ಅಂದ್ರೆ ಆಫೀಸಿನ ವಿಪಿಎನ್ ಕಟ್. ಮತ್ತೆ ಕನೆಕ್ಟ್, ಮತ್ತೆ ಕಟ್. ವಿಚಿತ್ರ ಏನಂದ್ರೆ ಅದೇ ಹೊತ್ತಲ್ಲಿ ಪಕ್ಕದ ಕೋಣೆಯಲ್ಲಿ ತಂಗಿಯ ವಿಡಿಯೋ ಆರಾಮಾಗಿ ಓಡ್ತಿತ್ತು. ಫೋನ್ ಮಾಡಿದ್ರೆ ಆ ಕಡೆಯವರು ಹೇಳಿದ್ದು: "ಸ್ಪೀಡ್ ಟೆಸ್ಟ್ ಮಾಡಿ ನೋಡ್ರಿ ಸರ್, ಐವತ್ತು ಬರಾಕತ್ತೈತಿಲ್ಲೋ? ನಿಮ್ಮ ಕಂಪನಿದ ಪ್ರಾಬ್ಲೆಮ್ ಇರಬೇಕ ತಗೋರಿ." ಕಂಪನಿಯವರು ಹೇಳಿದ್ದು: "ನಿನ್ನ ನೆಟ್ ಸರಿ ಇಲ್ಲ."

ಯಾರು ಸರಿ? ಒಂದೇ ಲೈನ್ ಇಟ್ಕೊಂಡು ಅದನ್ನ ಕಂಡುಹಿಡಿಯೋದು ಹೇಗೆ? ಕೊನೆಗೆ ಲ್ಯಾಪ್‌ಟಾಪ್ ಬೆನ್ನಿಗೆ ಹಾಕ್ಕೊಂಡು ಬೆಳಗಾವಿಯ ಟಿಳಕವಾಡಿಯಲ್ಲಿರೋ ಗೆಳೆಯನ ರೂಮಿಗೆ ಹೋದೆ. ಅಲ್ಲಿ ಬೇರೆಯವರ ಲೈನ್. ಅದೇ ಲ್ಯಾಪ್‌ಟಾಪ್, ಅದೇ ವಿಪಿಎನ್, ಅದೇ ಸಂಜೆ ಆರು ಗಂಟೆ. ನಾಲ್ಕು ತಾಸು ಒಮ್ಮೆಯೂ ಕಟ್ ಆಗಲಿಲ್ಲ.

ಅಂದ್ರೆ ತೊಂದರೆ ಇದ್ದಿದ್ದು ನಮ್ಮ ಮನೆಯ ಲೈನಿನಲ್ಲೇ. ಬೇಕಂತಲೇ ವಿಪಿಎನ್ ತಡೀತಿದ್ರಾ, ಅಥವಾ ಹೊರಗಿನ ಜಾಲಕ್ಕೆ ಹೋಗೋ ದಾರಿ ಸಂಜೆ ಹೊತ್ತು ತುಂಬಿ ಹೋಗ್ತಿತ್ತಾ? ಇವತ್ತಿಗೂ ಗೊತ್ತಿಲ್ಲ. ಆ ವರ್ಷದ ಅಪ್ರೈಸಲ್‌ನಲ್ಲಿ ಮಾತ್ರ 'ಕನೆಕ್ಟಿವಿಟಿ ತೊಂದರೆಯಿಂದ ಕೆಲಸ ತಡ' ಅಂತ ಒಂದು ಸಾಲು ಬಂತು. ಆಮೇಲೆ ಮೂರು ತಿಂಗಳು ಗೆಳೆಯನ ರೂಮಲ್ಲೇ ಇದ್ದು, ಶನಿವಾರ ಭಾನುವಾರ ಮಾತ್ರ ಮನೆಗೆ ಬರ್ತಿದ್ದೆ. ವರ್ಕ್ ಫ್ರಮ್ ಗೆಳೆಯನ ಹೋಮ್ ಅನ್ನಿ.

ಆಗ ಹೊಳೆದಿದ್ದು ಇಷ್ಟು. ಎರಡನೇ ವೈರ್ ಇರೋದು ಅಗ್ಗದ ರೇಟಿಗೆ ಮಾತ್ರ ಅಲ್ಲ. ಮೊದಲನೇ ವೈರ್ ನಿಜ ಹೇಳ್ತಿದೆಯೋ ಇಲ್ವೋ ಅಂತ ತೂಗಿ ನೋಡೋ ತಕ್ಕಡಿ ಕೂಡ ಅದೇ.

*

ಈ ಅನುಮಾನ ಹೊಸದಲ್ಲ. 1880ರ ದಶಕದಲ್ಲಿ ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ ಆಲ್ಮನ್ ಸ್ಟ್ರೋಜರ್ ಅಂತ ಒಬ್ಬ ಇದ್ದ. ಶವಸಂಸ್ಕಾರದ ವ್ಯವಸ್ಥೆ ಮಾಡೋದು ಅವನ ವ್ಯಾಪಾರ. ಆಗ ಫೋನ್ ಎತ್ತಿದ್ರೆ ಎಕ್ಸ್‌ಚೇಂಜಿನ ಆಪರೇಟರ್ ಸಿಗ್ತಿದ್ರು, ಯಾರು ಬೇಕು ಅಂತ ಹೇಳಿದ್ರೆ ಅವರು ಕೈಯಾರೆ ಜೋಡಿಸ್ತಿದ್ರು. ತನ್ನನ್ನ ಕೇಳಿಕೊಂಡು ಬಂದ ಕರೆಗಳನ್ನ ಆಪರೇಟರ್ ತನ್ನ ಪ್ರತಿಸ್ಪರ್ಧಿಗೆ ಜೋಡಿಸ್ತಿದ್ದಾಳೆ ಅನ್ನೋದು ಇವನ ಗುಮಾನಿ. ಆಕೆ ಆ ಪ್ರತಿಸ್ಪರ್ಧಿಯ ಹೆಂಡತಿ ಅಂತಲೂ ಕಥೆ ಇದೆ. ಸಾಬೀತು ಮಾಡೋದು ಹೇಗೆ? ಅವನಿಗೂ ನನ್ನ ಪರಿಸ್ಥಿತಿಯೇ. ನಾನು ಬಸ್ ಹತ್ತಿ ಬೆಳಗಾವಿಗೆ ಹೋದೆ. ಅವನು ಆಪರೇಟರೇ ಬೇಡದ ಎಕ್ಸ್‌ಚೇಂಜ್ ಕಂಡುಹಿಡಿದ! 1891ರಲ್ಲಿ ಪೇಟೆಂಟ್ ಸಿಕ್ತು. ಸ್ಟ್ರೋಜರ್ ಎಕ್ಸ್‌ಚೇಂಜ್ ಜಗತ್ತೆಲ್ಲ ಹರಡಿತು, ನಮ್ಮ ದೇಶದಲ್ಲೂ ದಶಕಗಟ್ಟಲೆ ಕಟಕಟ ಅಂತ ಕೆಲಸ ಮಾಡ್ತು.

ಇದಕ್ಕೂ ಮೊದಲೇ, 1860ರಲ್ಲಿ, ಅಮೆರಿಕದ ಪೆಸಿಫಿಕ್ ಟೆಲಿಗ್ರಾಫ್ ಕಾಯ್ದೆ ಒಂದು ಮಾತು ಹೇಳಿತ್ತು: ಯಾರ ತಂತಿ ಸಂದೇಶವೇ ಆಗಲಿ, ಬಂದ ಸರದಿಯಲ್ಲೇ ಪಕ್ಷಪಾತ ಇಲ್ಲದೆ ಕಳಿಸಬೇಕು. ಸರ್ಕಾರದ ಸಂದೇಶಕ್ಕೆ ಮಾತ್ರ ವಿನಾಯಿತಿ. 'ನೆಟ್ ನ್ಯೂಟ್ರಾಲಿಟಿ' ಅನ್ನೋ ಪದವನ್ನ ಟಿಮ್ ವೂ ಅನ್ನೋ ಕಾನೂನು ಪ್ರಾಧ್ಯಾಪಕರು ಚಾಲ್ತಿಗೆ ತಂದಿದ್ದು 2003ರಲ್ಲಿ. ವಿಚಾರ ಅದಕ್ಕಿಂತ 143 ವರ್ಷ ಹಳೇದು.

ನಮ್ಮಲ್ಲಿ 1885ರ ಭಾರತೀಯ ಟೆಲಿಗ್ರಾಫ್ ಕಾಯ್ದೆಯ 4ನೇ ಕಲಂ ತಂತಿಯ ಪೂರ್ತಿ ಹಕ್ಕನ್ನ ಸರ್ಕಾರದ ಕೈಗೇ ಕೊಟ್ಟಿತು. ಒಂದೇ ವೈರ್ ಅನ್ನೋ ಕಾಕಾನ ದೂರಿನ ಬೇರು ಅಲ್ಲಿಂದಲೇ ಶುರು. ಆದ್ರೆ ಆ ಏಕಸ್ವಾಮ್ಯದಲ್ಲಿ ಒಂದು ಒಳ್ಳೇ ಗುಣವೂ ಇತ್ತು. ದೊಡ್ಡವರಿಗೆ ಟ್ರಂಕ್ ಕಾಲ್ ನೆನಪಿರುತ್ತೆ. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಅಂತ ಮೂರು ದರ್ಜೆ. ಅರ್ಜೆಂಟಿಗೆ ಎರಡು ಪಟ್ಟು, ಲೈಟ್ನಿಂಗಿಗೆ ಎಂಟು ಪಟ್ಟು ದುಡ್ಡು. ಇದು ತಾರತಮ್ಯ ಅಲ್ವಾ? ದುಡ್ಡಿನ ತಾರತಮ್ಯ ಹೌದು. ಆದ್ರೆ ದರ ಎಲ್ಲರಿಗೂ ಒಂದೇ, ಮತ್ತು ನೀವು ಯಾರ ಜೊತೆ ಮಾತಾಡ್ತೀರಿ ಅನ್ನೋದರ ಮೇಲೆ ದರ ಬದಲಾಗ್ತಿರಲಿಲ್ಲ.

ನೆಟ್ ಸಮಾನತೆ ಅಂದ್ರೂ ಇಷ್ಟೇ. 50 ಎಂಬಿಪಿಎಸ್ ಪ್ಲಾನಿಗಿಂತ 100ರ ಪ್ಲಾನಿಗೆ ಹೆಚ್ಚು ದುಡ್ಡು ತಗೊಳ್ಳಲಿ, ತಕರಾರಿಲ್ಲ. ಆದ್ರೆ ತಗೊಂಡ ಮೇಲೆ ನಾನು ಯಾವ ಸೈಟಿಗೆ ಹೋಗ್ತೀನಿ ಅಂತ ನೋಡಿ ವೇಗ ಕಮ್ಮಿ ಮಾಡೋದು, ತಡೆಯೋದು, ಬೇರೆ ರೇಟ್ ಹಾಕೋದು ಕೂಡದು. ಖಾನಾಪುರದಿಂದ ಬೆಳಗಾವಿಗೆ ಹೋಗೋ ಬಸ್ಸಿನ ಕಂಡಕ್ಟರ್ "ಎಲ್ಲಿಗ್ರಿ?" ಅಂತ ಕೇಳ್ತಾರೆ. "ಖಡೇಬಜಾರಿನಾಗ ಯಾರ ಅಂಗಡಿಗ್ರಿ?" ಅಂತ ಕೇಳಲ್ಲ.

*

ಫೋನಿನ ವಿಷಯದಲ್ಲಿ ನಮ್ಮ ಜಿಲ್ಲೆಗೆ ಒಂದು ಹೆಮ್ಮೆ ಇದೆ, ಎಷ್ಟೋ ಜನರಿಗೆ ಗೊತ್ತಿಲ್ಲ. 1984ರಲ್ಲಿ ಶುರುವಾದ ಸಿ-ಡಾಟ್ ಹಳ್ಳಿಗಳಿಗಾಗಿ 128 ಲೈನಿನ ಸಣ್ಣ ಡಿಜಿಟಲ್ ಎಕ್ಸ್‌ಚೇಂಜ್ ಮಾಡಿತು. ಎಸಿ ಬೇಡ, ಧೂಳು ಸೆಖೆ ತಡೆಯುತ್ತೆ. ಅದನ್ನ ಮೊದಲ ಬಾರಿಗೆ ಹಾಕಿ ನೋಡಿದ್ದು 1986ರಲ್ಲಿ, ನಮ್ಮ ಕಿತ್ತೂರಿನಲ್ಲಿ! ರಾಣಿ ಚೆನ್ನಮ್ಮನ ಊರು ಅಂತ ಶಾಲೆಯಲ್ಲಿ ಓದಿದ್ವಿ, ಈ ಸಂಗತಿ ಯಾರೂ ಹೇಳಿರಲಿಲ್ಲ. ಆಮೇಲೆ ಊರೂರಿಗೆ ಹಳದಿ ಬೋರ್ಡಿನ ಎಸ್‌ಟಿಡಿ ಬೂತ್ ಬಂದಿದ್ದರ ಹಿಂದೆ ಇಂಥ ಎಕ್ಸ್‌ಚೇಂಜುಗಳಿದ್ವು. ಅಪ್ಪ ಹೇಳೋ ಪ್ರಕಾರ ರಾತ್ರಿ ರೇಟ್ ಇಳಿದ ಮೇಲೆ ಬೂತಿನ ಮುಂದೆ ಪಾಳಿ ಹಚ್ಚಿ ನಿಲ್ತಿದ್ರಂತೆ, ಮೀಟರಿನ ಕೆಂಪು ಅಂಕಿ ನೋಡ್ತಾ ಮಾತು ಮುಗಿಸ್ತಿದ್ರಂತೆ.

1995ರ ಆಗಸ್ಟ್ 15ಕ್ಕೆ ವಿಎಸ್‌ಎನ್‌ಎಲ್ ಜನಸಾಮಾನ್ಯರಿಗೆ ಇಂಟರ್ನೆಟ್ ಕೊಡೋಕೆ ಶುರು ಮಾಡ್ತು, ಮೊದಲು ನಾಲ್ಕು ಮಹಾನಗರಗಳಲ್ಲಿ. ವೇಗ 9.6 ಕೆಬಿಪಿಎಸ್. ಇಡೀ ದೇಶಕ್ಕೆ ಮಾರೋರು ಒಬ್ಬರೇ. ಅದರಲ್ಲಿ 'ಶೆಲ್ ಅಕೌಂಟ್' ಅಂತ ಒಂದು ಅಗ್ಗದ ಬಗೆ ಇತ್ತು. ಬರೀ ಅಕ್ಷರ, ಚಿತ್ರ ಇಲ್ಲ. ಕಡಿಮೆ ದುಡ್ಡಿನವರಿಗೆ ಅರ್ಧ ಇಂಟರ್ನೆಟ್. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಮತ್ತೆ ಬರುತ್ತೆ.

ನನ್ನ ಪ್ರಕಾರ ನಮ್ಮ ದೇಶದ ಮೊದಲ ನೆಟ್ ಸಮಾನತೆ ಜಗಳ ನಡೆದಿದ್ದು 1998ರ ಸುಮಾರಿಗೆ. ಆಗ ವಿದೇಶಕ್ಕೆ ಫೋನ್ ಮಾಡೋ ವ್ಯಾಪಾರವೂ ವಿಎಸ್‌ಎನ್‌ಎಲ್‌ದೇ, ನಿಮಿಷಕ್ಕೆ ಸಿಕ್ಕಾಪಟ್ಟೆ ರೇಟು. ಇಂಟರ್ನೆಟ್ ಮೇಲೆ ಅಗ್ಗಕ್ಕೆ ಮಾತಾಡೋ ಸಾಫ್ಟ್‌ವೇರ್ ಬಂದಾಗ ಅಂಥ ಸೈಟುಗಳನ್ನ ವಿಎಸ್‌ಎನ್‌ಎಲ್ ಬ್ಲಾಕ್ ಮಾಡ್ತು. ಇಂಟರ್ನೆಟ್ ಟೆಲಿಫೋನಿಗೆ ಆಗಿನ ನಿಯಮದಲ್ಲಿ ಅನುಮತಿಯೂ ಇರಲಿಲ್ಲ. ವಿಷಯ ದೆಹಲಿ ಹೈಕೋರ್ಟಿಗೂ ಹೋಯ್ತು. ಅನುಮತಿ ಸಿಕ್ಕಿದ್ದು 2002ರ ಏಪ್ರಿಲ್ 1ಕ್ಕೆ. ವಿದೇಶಿ ಕರೆಗಳ ಮೇಲಿನ ವಿಎಸ್‌ಎನ್‌ಎಲ್ ಏಕಸ್ವಾಮ್ಯ ಮುಗಿದಿದ್ದೂ ಆಗಲೇ. ಕಾಕತಾಳೀಯ ಅಂತೀರಾ? ನನಗಂತೂ ಅನ್ನಿಸಲ್ಲ. ವೈರ್ ಒಡೆಯನಿಗೆ ಇನ್ನೊಂದು ವ್ಯಾಪಾರ ಇದ್ರೆ, ಆ ವ್ಯಾಪಾರಕ್ಕೆ ಕುತ್ತು ತರೋ ಪ್ಯಾಕೆಟ್ ಮೇಲೆ ಅವನ ಕಣ್ಣು ಬಿದ್ದೇ ಬೀಳುತ್ತೆ. ಒಡೆಯ ಸರ್ಕಾರವಾದ್ರೂ ಅಷ್ಟೇ, ಖಾಸಗಿಯಾದ್ರೂ ಅಷ್ಟೇ.

1998ರ ನವೆಂಬರಿನಲ್ಲಿ ಖಾಸಗಿಯವರಿಗೆ ಇಂಟರ್ನೆಟ್ ಸೇವೆ ತೆರೆದುಕೊಂಡಿತು. ಬೆಳಗಾವಿಯಲ್ಲಿ ಸೈಬರ್ ಕೆಫೆಗಳು ಎದ್ದವು. ಅದೇ ವರ್ಷ ಊರಲ್ಲಿ ವಿಟಿಯು ಶುರುವಾಯ್ತು. ರಿಸಲ್ಟ್ ಬಂದ ದಿನ ಕೆಫೆ ಮುಂದೆ ನಿಲ್ಲೋ ಗುಂಪು, ಪೇಜ್ ತೆರೆಯುವಷ್ಟರಲ್ಲಿ ಎದೆ ಬಾಯಿಗೆ ಬರೋದು... ನನಗಿಂತ ಹಿರಿಯ ಇಂಜಿನಿಯರುಗಳು ಎಲ್ಲರೂ ಹೇಳೋ ಕಥೆ ಅದು. 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್‌ನ ಡೇಟಾಒನ್ ಬಂತು. ಲ್ಯಾಂಡ್‌ಲೈನಿನ ಅದೇ ತಾಮ್ರದ ತಂತಿಯ ಮೇಲೆ ಬ್ರಾಡ್‌ಬ್ಯಾಂಡ್!

ಇಲ್ಲೇ ಒಂದು ತಿರುವು ತಪ್ಪಿಹೋಗಿದ್ದು. ಕಾಕಾನ ಪ್ರಶ್ನೆಗೆ ನನಗೆ ಸಿಕ್ಕ ಅರ್ಧ ಉತ್ತರ ಇದರಲ್ಲೇ ಇದೆ.

2004ರ ಏಪ್ರಿಲಿನಲ್ಲಿ ಟ್ರಾಯ್ ಸರ್ಕಾರಕ್ಕೆ ಒಂದು ಶಿಫಾರಸು ಮಾಡಿತ್ತು. ಎಕ್ಸ್‌ಚೇಂಜಿನಿಂದ ಮನೆವರೆಗಿನ ತಾಮ್ರದ ತಂತಿಯನ್ನ ಬೇರೆ ಕಂಪನಿಗಳೂ ಬಾಡಿಗೆಗೆ ತಗೊಂಡು ಬ್ರಾಡ್‌ಬ್ಯಾಂಡ್ ಕೊಡುವಂತಾಗಲಿ ಅಂತ. ಇದಕ್ಕೆ 'ಲೋಕಲ್ ಲೂಪ್ ಅನ್‌ಬಂಡ್ಲಿಂಗ್' ಅಂತಾರೆ. ತಂತಿ ಒಬ್ಬರದು, ಅದರ ಮೇಲೆ ಅಂಗಡಿ ಹಲವರದು. ಅದೇ ಅಕ್ಟೋಬರಿನಲ್ಲಿ ಬಂದ ಬ್ರಾಡ್‌ಬ್ಯಾಂಡ್ ನೀತಿ ಇದನ್ನ ಕಡ್ಡಾಯ ಮಾಡಲಿಲ್ಲ. ಬ್ರಿಟನ್ನಿನಲ್ಲಿ ಇದನ್ನೇ ಮಾಡಿದ್ರು. 2006ರಲ್ಲಿ ಹಳೇ ದೈತ್ಯ ಬಿಟಿಯ ತಂತಿ ನೋಡಿಕೊಳ್ಳೋಕೆ ಓಪನ್‌ರೀಚ್ ಅಂತ ಬೇರೆ ವಿಭಾಗ ಬಂತು. ಅದು ಎಲ್ಲ ಕಂಪನಿಗಳಿಗೂ ಒಂದೇ ಷರತ್ತಿನಲ್ಲಿ ತಂತಿ ಕೊಡಬೇಕು.

ಒಂದು ಸಲ ಯೋಚನೆ ಮಾಡಿ. ಖಾನಾಪುರದಂಥ ಊರಿಗೆ ಎರಡನೇ ಕಂಪನಿ ಬಂದು ಮತ್ತೆ ಕಂಬ ನೆಟ್ಟು ವೈರ್ ಎಳೆಯೋದು ಲೆಕ್ಕಕ್ಕೆ ಕೂರಲ್ಲ. ಮನೆಗಳು ದೂರ ದೂರ, ಮಧ್ಯೆ ಕಾಡು, ಜೂನಿನಿಂದ ಸೆಪ್ಟೆಂಬರ್ ತನಕ ಬಿಡದ ಮಳೆ. ಇದ್ದ ತಂತಿಯ ಮೇಲೆಯೇ ಎರಡನೇ ಅಂಗಡಿ ತೆರೆಯಬಹುದಿತ್ತು. ಆ ಬಾಗಿಲು 2004ರಲ್ಲೇ ಮುಚ್ಚಿತು.

*

ಮೊಬೈಲ್ ಬಂದಾಗ ಆಯ್ಕೆ ಬಂತು ಅಂತ ಎಲ್ಲರೂ ಖುಷಿಪಟ್ಟರು. ನಮ್ಮ ಗಡಿ ಕಡೆಯವರಿಗೆ ಮಾತ್ರ ಅದರಲ್ಲೊಂದು ತಮಾಷೆ ಇತ್ತು. ಲೈಸೆನ್ಸ್ ಕೊಟ್ಟಿದ್ದು ಸರ್ಕಲ್ ಲೆಕ್ಕದಲ್ಲಿ. ಖಾನಾಪುರ ಕರ್ನಾಟಕ ಸರ್ಕಲ್ಲು. ಗುಡ್ಡದಾಚೆಯ ಗೋವಾ ಮಹಾರಾಷ್ಟ್ರ ಸರ್ಕಲ್ಲು. ಕಣಕುಂಬಿ ದಾಟಿ ಚೋರ್ಲಾ ಕಡೆ ಹೋದ್ರೆ ಫೋನು ತಾನಾಗೇ ಆಚೆ ಟವರ್ ಹಿಡಿದು ರೋಮಿಂಗಿಗೆ ಬೀಳೋದು. ಕೂತಿರೋದು ನಮ್ಮ ತಾಲೂಕಿನ ಬಂಡೆ ಮೇಲೆ, ಮೆಸೇಜ್ ಬರೋದು ಗೋವಾಕ್ಕೆ ಸ್ವಾಗತ ಅಂತ! ನಾವು ಯಾವ ಕಂಪನಿ ಅಂತ ಆರಿಸಿದ್ರೂ, ಯಾವ ಟವರ್ ಅಂತ ಆರಿಸ್ತಿದ್ದದ್ದು ಗುಡ್ಡ. 2017ರ ಹೊತ್ತಿಗೆ ರೋಮಿಂಗ್ ದರ ಹೋಯ್ತು, ಗುಡ್ಡ ಹಾಗೇ ಇದೆ.

ಈಗ 'ಗದ್ದಲ'ದ ಕಥೆಗೆ ಬರೋಣ.

2014ರ ಡಿಸೆಂಬರಿನಲ್ಲಿ ಏರ್‌ಟೆಲ್, ಇಂಟರ್ನೆಟ್ ಮೂಲಕ ಮಾಡೋ ಕರೆಗಳಿಗೆ ಬೇರೆ ಪ್ಯಾಕ್ ಅಂತ ಘೋಷಿಸಿತು. ಜನ ಬೈದರು, ವಾರದೊಳಗೆ ಹಿಂದೆ ತಗೊಂಡಿತು. 1998ರ ಜಗಳವೇ, ಒಡೆಯ ಮಾತ್ರ ಬೇರೆ. 2015ರ ಮಾರ್ಚ್ 27ಕ್ಕೆ ಟ್ರಾಯ್ ಅಭಿಪ್ರಾಯ ಕೇಳಿ 118 ಪುಟದ ಪತ್ರ ಹೊರಡಿಸಿತು. ನಾನಾಗ ಪಿಯುಸಿ ಪರೀಕ್ಷೆ ಮುಗಿಸಿ ಸಿಇಟಿಗೆ ಓದ್ತಿದ್ದೆ (ಓದೋ ಹಾಗೆ ನಟಿಸ್ತಿದ್ದೆ ಅನ್ನೋದು ಸರಿ). ಏಪ್ರಿಲಿನಲ್ಲಿ ಏರ್‌ಟೆಲ್ ಝೀರೋ ಬಂತು. ಆಪ್ ಕಂಪನಿ ದುಡ್ಡು ಕೊಟ್ರೆ ಆ ಆಪ್ ಬಳಕೆ ಗ್ರಾಹಕನಿಗೆ ಫ್ರೀ. ಗಣಪತಿ ಗಲ್ಲಿಯ ಒಬ್ಬ ಕುಂದಾ ಅಂಗಡಿಯವನು ಬಸ್ಸಿನವರಿಗೆ ದುಡ್ಡು ಕಟ್ಟಿ, "ನನ್ನ ಅಂಗಡಿಗೆ ಬರೋರಿಗೆ ಟಿಕೆಟ್ ಬ್ಯಾಡ" ಅಂದ ಹಾಗೆ. ಪ್ರಯಾಣಿಕನಿಗೆ ಲಾಭವೇ. ಆದ್ರೆ ಪಕ್ಕದಲ್ಲಿ ಅದಕ್ಕಿಂತ ಒಳ್ಳೇ ಕುಂದಾ ಮಾಡೋ ಸಣ್ಣ ಅಂಗಡಿಯ ಗತಿ? ಹತ್ತು ಲಕ್ಷಕ್ಕೂ ಹೆಚ್ಚು ಈಮೇಲ್ ಟ್ರಾಯ್‌ಗೆ ಹೋದ್ವು. ಏಪ್ರಿಲ್ 14ಕ್ಕೆ ಫ್ಲಿಪ್‌ಕಾರ್ಟ್ ಆ ಯೋಜನೆಯಿಂದ ಹೊರಬಂತು.

ಆಮೇಲೆ ಫೇಸ್‌ಬುಕ್ಕಿನ ಫ್ರೀ ಬೇಸಿಕ್ಸ್. ಇಂಟರ್ನೆಟ್ ಡಾಟ್ ಆರ್ಗ್ ಅನ್ನೋ ಹೆಸರಲ್ಲಿ 2015ರ ಫೆಬ್ರವರಿಯಲ್ಲಿ ರಿಲಯನ್ಸ್ ಕಮ್ಯುನಿಕೇಷನ್ಸ್ ಜೊತೆ ಬಂದಿತ್ತು. ಮೊದಲ 6 ರಾಜ್ಯಗಳಲ್ಲಿ ಮಹಾರಾಷ್ಟ್ರ ಇತ್ತು, ಕರ್ನಾಟಕ ಇರಲಿಲ್ಲ. ಆಯ್ದ ಕೆಲವು ಸೈಟುಗಳು ಪುಕ್ಕಟೆ, ಉಳಿದದ್ದಕ್ಕೆ ದುಡ್ಡು. ಅದೇ ಹಳೇ ಶೆಲ್ ಅಕೌಂಟಿನ ಹೊಸ ಅವತಾರ, ಬಡವರಿಗೆ ಅರ್ಧ ಇಂಟರ್ನೆಟ್.

ಇಲ್ಲಿ ಒಂದು ತಪ್ಪೊಪ್ಪಿಗೆ. ಇಂಜಿನಿಯರಿಂಗ್ ಮೊದಲ ವರ್ಷದಲ್ಲಿ ಹಾಸ್ಟೆಲಿನಲ್ಲಿ ಈ ಬಗ್ಗೆ ವಾದ ನಡೆದಾಗ ನಾನು ಫ್ರೀ ಬೇಸಿಕ್ಸ್ ಪರ ಇದ್ದೆ. "ನಿಮಗೆಲ್ಲ ಪೂರ್ತಿ ಇಂಟರ್ನೆಟ್ ಐತಿ, ಅದಕ್ಕ ಸಮಾನತೆ ಮಾತಾಡ್ತೀರಿ. ನಮ್ಮ ಊರ ಕಡೆ ಬರ್ರಿ, ಅರ್ಧನಾದ್ರೂ ಸಿಕ್ಕರ ಸಾಕಾಗೇತಿ" ಅಂತ ಜೋರು ದನಿಯಲ್ಲಿ ಹೇಳಿದ್ದೆ. ಕಾಕಾ ಈಗ ಕೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಅದಕ್ಕೇ ಆ ಪ್ರಶ್ನೆ ಅಷ್ಟು ಚುಚ್ಚಿದ್ದು.

ಆಗ ನನಗೆ ಹೊಳೆಯದ ಸಂಗತಿ ಬಹಳ ಸರಳ. ಫ್ರೀ ಬೇಸಿಕ್ಸ್ ಕೊಡ್ತಿದ್ದಿದ್ದು ದರದಲ್ಲಿ ರಿಯಾಯಿತಿ. ಅದು ಕೆಲಸ ಮಾಡೋಕೆ ಮೊದಲು ಸಿಗ್ನಲ್ ಇರಬೇಕು. ಟವರೇ ಇಲ್ಲದ ಕಾಡಿನ ಹಳ್ಳಿಯಲ್ಲಿ ರಿಯಾಯಿತಿ ತಗೊಂಡು ಏನು ಮಾಡೋದು? ನಮ್ಮೂರ ಕೊರತೆಯನ್ನ ತೋರಿಸಿ ನಾನು ವಾದ ಮಾಡಿದೆ, ಆದ್ರೆ ಆ ಯೋಜನೆ ನಮ್ಮೂರ ಕೊರತೆಗೆ ಮದ್ದೇ ಆಗಿರಲಿಲ್ಲ. ಸಿಗ್ನಲ್ ಇದ್ದ ಕಡೆ ಮಾತ್ರ ಅದು ಜನರನ್ನ ಒಂದು ಬೇಲಿಯೊಳಗೆ ಕೂರಿಸ್ತಿತ್ತು. ಆ ಬೇಲಿಯೊಳಗೆ ನಿಮ್ಮ ಬ್ಲಾಗೂ ಇರ್ತಿರಲಿಲ್ಲ, ನನ್ನದೂ ಇರ್ತಿರಲಿಲ್ಲ. ಪುಕ್ಕಟೆ ಜಾಗದಲ್ಲಿ ಕೂತು ಕನ್ನಡದಲ್ಲಿ ಬರೆಯೋ ನಮ್ಮಂಥವರು ಹೇಗೆ ಒಳಗೆ ಸೇರಬೇಕಿತ್ತು ಹೇಳಿ?

2016ರ ಫೆಬ್ರವರಿ 8ಕ್ಕೆ ಟ್ರಾಯ್ ಆದೇಶ ಬಂತು. ಸೈಟು, ಆಪು ನೋಡಿ ಡೇಟಾಗೆ ಬೇರೆ ಬೇರೆ ದರ ಹಾಕುವಂತಿಲ್ಲ. ತಪ್ಪಿದ್ರೆ ದಿನಕ್ಕೆ 50 ಸಾವಿರ, ಗರಿಷ್ಠ 50 ಲಕ್ಷ ರೂಪಾಯಿ ದಂಡ. ಮೂರೇ ದಿನಕ್ಕೆ ಫ್ರೀ ಬೇಸಿಕ್ಸ್ ಭಾರತ ಬಿಟ್ಟು ಹೋಯ್ತು. ದರ ಆಯ್ತು, ವೇಗ ತಗ್ಗಿಸೋದು ಮತ್ತು ತಡೆಯೋದರ ಬಗ್ಗೆ 2017ರ ನವೆಂಬರ್ 28ಕ್ಕೆ ಶಿಫಾರಸು ಬಂತು. 2018ರ ಜುಲೈ 11ಕ್ಕೆ ದೂರಸಂಪರ್ಕ ಇಲಾಖೆ ಒಪ್ಪಿಗೆ ಕೊಡ್ತು, ಲೈಸೆನ್ಸಿನಲ್ಲೇ ಷರತ್ತು ಸೇರಿತು. ಅದೇ ಹೊತ್ತಲ್ಲಿ ಅಮೆರಿಕ 2017ರ ಡಿಸೆಂಬರಿನಲ್ಲಿ ತನ್ನ ನಿಯಮ ಕಿತ್ತುಹಾಕಿತ್ತು. 2024ರಲ್ಲಿ ಮತ್ತೆ ತಂದರು, 2025ರ ಜನವರಿಯಲ್ಲಿ ಅಲ್ಲಿನ ಕೋರ್ಟ್ ಹೊಡೆದುಹಾಕಿತು. ಈ ಒಂದು ವಿಷಯದಲ್ಲಿ ನಾವು ಮುಂದಿದ್ದೀವಿ, ಸಣ್ಣ ಮಾತಲ್ಲ.

*

ಹಾಗಾದ್ರೆ ಕಾಕಾಗೆ ಯಾಕೆ ಏನೂ ಬಂದ ಹಾಗೆ ಅನ್ನಿಸಲಿಲ್ಲ?

ಯಾಕಂದ್ರೆ ಒಂದು ಕಡೆ ಸಮಾನತೆಯ ನಿಯಮ ಬರ್ತಿದ್ದ ಹಾಗೆ ಇನ್ನೊಂದು ಕಡೆ ಆಯ್ಕೆ ಕರಗ್ತಾ ಹೋಯ್ತು. 2010ರ ಆಸುಪಾಸು ಸಿಮ್ ಅಂಗಡಿ ಮುಂದೆ ಎಷ್ಟು ಬಣ್ಣದ ಬೋರ್ಡಿದ್ವು ನೆನಪಿದೆಯಾ? ಏರ್‌ಟೆಲ್, ವೊಡಾಫೋನ್, ಐಡಿಯಾ, ಬಿಎಸ್‌ಎನ್‌ಎಲ್, ರಿಲಯನ್ಸ್, ಟಾಟಾ, ಏರ್‌ಸೆಲ್, ಯುನಿನಾರ್... 2012ರ ಫೆಬ್ರವರಿ 2ಕ್ಕೆ ಸುಪ್ರೀಂ ಕೋರ್ಟ್ 2ಜಿ ಪ್ರಕರಣದಲ್ಲಿ 122 ಲೈಸೆನ್ಸ್ ರದ್ದು ಮಾಡ್ತು. 2016ರ ಸೆಪ್ಟೆಂಬರ್ 5ಕ್ಕೆ ಜಿಯೋ ಬಂತು. ಅದಕ್ಕೂ ಮುಂಚೆ 1 ಜಿಬಿಗೆ ಸುಮಾರು 250 ರೂಪಾಯಿ ಕೊಡ್ತಿದ್ವಿ. ಒಮ್ಮೆಲೇ ಪುಕ್ಕಟೆ! ಸಿಮ್ಮಿಗೆ ನಾನೂ ಪಾಳಿಯಲ್ಲಿ ನಿಂತಿದ್ದೆ, ಸುಳ್ಳು ಯಾಕೆ ಹೇಳಲಿ. ಹಾಸ್ಟೆಲ್ ಹುಡುಗರಿಗೆ ಅದು ಹಬ್ಬ. ಆದ್ರೆ ಆ ದರಯುದ್ಧದಲ್ಲಿ ಒಬ್ಬೊಬ್ಬರಾಗಿ ಮಲಗಿದರು. 2017ರ ಕೊನೆಗೆ ರಿಲಯನ್ಸ್ ಕಮ್ಯುನಿಕೇಷನ್ಸ್ ಮೊಬೈಲ್ ಸೇವೆ ನಿಲ್ಲಿಸಿತು. 2018ರಲ್ಲಿ ಏರ್‌ಸೆಲ್ ದಿವಾಳಿ, ಟೆಲಿನಾರ್ ಏರ್‌ಟೆಲ್ ಒಳಗೆ, ವೊಡಾಫೋನ್ ಐಡಿಯಾ ಒಂದಾದವು. 2019ರಲ್ಲಿ ಟಾಟಾ ಮೊಬೈಲೂ ಏರ್‌ಟೆಲ್ ಸೇರಿತು. ಈಗ ಮೂರು ಖಾಸಗಿ, ಜೊತೆಗೆ ಬಿಎಸ್‌ಎನ್‌ಎಲ್. ಮೊಬೈಲ್ ಗ್ರಾಹಕರಲ್ಲಿ ಹತ್ತಕ್ಕೆ ಏಳಕ್ಕಿಂತ ಹೆಚ್ಚು ಜನ ಇಬ್ಬರ ಹತ್ರಾನೇ ಇದ್ದಾರೆ. 2024ರ ಜುಲೈ ಮೊದಲ ವಾರದಲ್ಲಿ ಮೂರೂ ಖಾಸಗಿ ಕಂಪನಿಗಳು ಹೆಚ್ಚುಕಡಿಮೆ ಒಟ್ಟಿಗೇ ದರ ಏರಿಸಿದವು. ಆಗ ಎಷ್ಟೋ ಜನ ನಂಬರ್ ಪೋರ್ಟ್ ಮಾಡಿಸಿ ಬಿಎಸ್‌ಎನ್‌ಎಲ್‌ಗೆ ಹೋದರು. ಅದರ ಸಿಗ್ನಲ್ ಇರೋ ಊರಲ್ಲಿ ಮಾತ್ರ ಅದು ಆಯ್ಕೆ.

ಸಮಾನತೆಯ ನಿಯಮ ಇರೋ ವೈರಿಗೆ ಬುದ್ಧಿ ಹೇಳುತ್ತೆ, ಇಲ್ಲದ ವೈರನ್ನ ತಂದುಕೊಡಲ್ಲ. ಎರಡನೇ ವೈರ್ ಇಲ್ಲದ ಊರಲ್ಲಿ ಇರೋ ವೈರ್ ನಿಯಮ ಪಾಲಿಸ್ತಿದೆಯಾ ಅಂತ ನೋಡೋದು ನನ್ನ ವಿಪಿಎನ್ ಕಥೆಯಷ್ಟೇ ಕಷ್ಟ. ಇದನ್ನ ನೋಡಿಕೊಳ್ಳೋಕೆ ಕಂಪನಿಗಳು, ತಜ್ಞರು, ಬಳಕೆದಾರರು ಎಲ್ಲರೂ ಇರೋ ಒಂದು ಸಂಸ್ಥೆ ಬೇಕು ಅಂತ 2020ರ ಸೆಪ್ಟೆಂಬರಿನಲ್ಲಿ ಟ್ರಾಯ್ ಶಿಫಾರಸು ಮಾಡಿತ್ತು. ನನ್ನಂಥವನ ದೂರು ಕೇಳಬೇಕಾಗಿದ್ದಿದ್ದು ಅಂಥದ್ದೊಂದು ಜಾಗ.

ಹಾಗಂತ ನಿಯಮವೇ ದಂಡ ಅನ್ನೋ ಹಾಗಿಲ್ಲ. ಒಂದೇ ವೈರ್ ಇರೋ ಕಡೆ ಆ ನಿಯಮ ಇನ್ನೂ ಹೆಚ್ಚು ಬೇಕು. ಬೆಂಗಳೂರಿನಲ್ಲಿ ನನಗೆ ಕಂಪನಿ ಮೋಸ ಮಾಡಿದ್ರೆ ನಾಳೆ ಬೇರೆಯವರನ್ನ ಕರೀತೀನಿ. ಕಾಕಾಗೆ ಆ ಕಾಲು ಇಲ್ಲ, ಅವರಿಗೆ ಇರೋದು ಕಾನೂನು ಮಾತ್ರ. ದೊಡ್ಡ ಸೈಟುಗಳು ನಮಗೆ ಪಾಲು ಕೊಡಬೇಕು ಅನ್ನೋ ಟೆಲಿಕಾಂ ಕಂಪನಿಗಳ ಬೇಡಿಕೆ 2023ರಲ್ಲಿ ಮತ್ತೆ ಎದ್ದಿತ್ತು. ಆ ಬಾಗಿಲು ತೆರೆದ್ರೆ ಪಾಲು ಕೊಡೋ ಸೈಟು, ಕೊಡದ ಸೈಟು ಅಂತ ಎರಡು ಸಾಲು ಆಗೋಕೆ ಎಷ್ಟು ಹೊತ್ತು?

ಇನ್ನು ವೈರಿನ ವಿಷಯ. ಸರ್ಕಾರ ಸುಮ್ಮನೆ ಕೂತಿದೆ ಅಂತಲೂ ಹೇಳೋ ಹಾಗಿಲ್ಲ. ಗ್ರಾಮ ಪಂಚಾಯಿತಿವರೆಗೆ ಫೈಬರ್ ಎಳೆಯೋ ಯೋಜನೆಗೆ 2011ರ ಅಕ್ಟೋಬರಿನಲ್ಲಿ ಒಪ್ಪಿಗೆ ಸಿಕ್ತು, ಅದೇ ಈಗಿನ ಭಾರತ್‌ನೆಟ್. 2022ರ ಜುಲೈನಲ್ಲಿ ಸಿಗ್ನಲ್ ಇಲ್ಲದ 24,680 ಹಳ್ಳಿಗಳಿಗೆ 4ಜಿ ಕೊಡೋಕೆ 26,316 ಕೋಟಿ ರೂಪಾಯಿ, 2023ರ ಆಗಸ್ಟಿನಲ್ಲಿ ಭಾರತ್‌ನೆಟ್ ಮುಂದುವರಿಸೋಕೆ 1.39 ಲಕ್ಷ ಕೋಟಿ ಮಂಜೂರಾಯ್ತು. ಭಾರತ್‌ನೆಟ್ಟಿನ ಮೂಲ ಆಲೋಚನೆಯಲ್ಲಿ ನನಗೆ ತುಂಬಾ ಹಿಡಿಸಿದ್ದು ಒಂದಿದೆ. ಫೈಬರ್ ಜನರ ದುಡ್ಡಿನದು, ಅದನ್ನ ಯಾವ ಕಂಪನಿ ಕೇಳಿದ್ರೂ ತಾರತಮ್ಯ ಇಲ್ಲದೆ ಕೊಡಬೇಕು. 2004ರಲ್ಲಿ ತಾಮ್ರದಲ್ಲಿ ತಪ್ಪಿಹೋದ ತಿರುವು, ಗಾಜಿನ ಎಳೆಯಲ್ಲಿ ಮತ್ತೆ ಬಂದಿದೆ! ಪಂಚಾಯಿತಿ ಕಟ್ಟೆವರೆಗೆ ಬಂದ ಆ ಎಳೆಯಿಂದ ಮನೆವರೆಗೆ ಕೊಡೋಕೆ ಇಬ್ಬರು ಮೂವರು ಮುಂದೆ ಬಂದ್ರೆ ಕಾಕಾನ ಹಿಟ್ಟಿನ ಗಿರಣಿ ಲೆಕ್ಕ ಸರಿಹೋಗುತ್ತೆ. ಒಬ್ಬರಿಗೇ ಬಿಟ್ಟುಕೊಟ್ರೆ ಮತ್ತೆ ಬೇಕಂದ್ರ ತಗೋ, ಬ್ಯಾಡಂದ್ರ ಬಿಡು.

ಈ ಇತಿಹಾಸ ಎಲ್ಲಾ ಓದಿದ ಮೇಲೆ ನನಗನ್ನಿಸಿದ್ದು, ಸಮಾನತೆ ಎರಡು ಕಡೆ ಬೇಕು. ವೈರಿನೊಳಗೆ ಹರಿಯೋ ಪ್ಯಾಕೆಟ್‌ಗಳ ನಡುವೆ ಒಂದು. ವೈರ್ ಬಳಸೋ ಕಂಪನಿಗಳ ನಡುವೆ ಇನ್ನೊಂದು. ಮೊದಲನೇದಕ್ಕೆ ಹತ್ತು ಲಕ್ಷ ಈಮೇಲ್ ಹೋದ್ವು. ಎರಡನೇದಕ್ಕೆ ನಾನೂ ಒಂದು ಈಮೇಲ್ ಬರೆದಿಲ್ಲ.

ಕಳೆದ ವಾರ ಫೋನ್ ಮಾಡಿ ಇದನ್ನೆಲ್ಲ ಕಾಕಾಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡ್ರು. ಮಧ್ಯೆ ಎರಡು ಸಲ ಕಟ್ ಆಯ್ತು, ಮತ್ತೆ ಹಚ್ಚಿದೆ. ಕೊನೆಗೆ ಅಂದ್ರು:

"ಹಂಗಾರ ಎರಡನೇ ವೈರ್ ಬ್ಯಾಡ ಅನ್ನು. ಒಂದ ವೈರಿನ ಮ್ಯಾಲ ಎರಡ ಅಂಗಡಿ ಸಾಕು."

ಇಷ್ಟೆಲ್ಲಾ ಪದಗಳಲ್ಲಿ ನಾನು ಹೇಳಿದ್ದನ್ನ ಅವರು ಒಂದು ಸಾಲಿನಲ್ಲಿ ಮುಗಿಸಿದ್ರು :) ಆಮೇಲೆ ಇನ್ನೊಂದು ಕೇಳಿದ್ರು. "ಪಂಚಾಯ್ತಿಗೆ ಬಂದ ಫೈಬರ್ ಯಾರಿಗೆ ಕೊಡ್ತಾರಂತ ಕೇಳಾಕ ಅರ್ಜಿ ಯಾರ ಹೆಸರಿಗೆ ಬರೀಬೇಕೋ?"

ಅರ್ಜಿ ನಾನೇ ಬರೆದು ಕೊಡ್ತೀನಿ ಅಂದಿದ್ದೀನಿ. ಮುಂದಿನ ತಿಂಗಳು ಊರಿಗೆ ಹೋದಾಗ ಮೊದಲ ಕೆಲಸ ಅದೇ. ನಿಮ್ಮೂರಲ್ಲಿ ಎಷ್ಟು ವೈರು, ಎಷ್ಟು ಅಂಗಡಿ? ಒಮ್ಮೆ ಎಣಿಸಿ ನೋಡಿ.